ಹಿರಿಯರ ಕಣ್ಣಿಗೆ ಹಿಗ್ಗುವ ಅಕ್ಷರ

ಬೆಂಗಳೂರಿನಿಂದ ಟೆಕ್ಸಸ್‌ಗೆ ಬರುವ ತಂದೆತಾಯಿಯರ ಸೂಟ್‌ಕೇಸಿನಲ್ಲಿ ಪುಸ್ತಕಕ್ಕೆ ಜಾಗ ಸಿಗುವುದು ಕಟ್ಟಕಡೆಗೆ. ಒಬ್ಬರಿಗೆ ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆ. ಸಾರಿನ ಪುಡಿ, ಹಪ್ಪಳ, ಮೊಮ್ಮಕ್ಕಳ ಬಟ್ಟೆ, ಆರು ತಿಂಗಳಿಗಾಗುವಷ್ಟು ಬಿಪಿ ಶುಗರ್ ಮಾತ್ರೆ ಎಲ್ಲ ತುಂಬಿ ತೂಕ ನೋಡಿದಾಗ ಎರಡು ಕಿಲೋ ಹೆಚ್ಚಾಯಿತು ಅನ್ನಿ, ಮೊದಲು ಹೊರಗೆ ಬರುವುದು ದಪ್ಪ ಕಾದಂಬರಿ. ಹೇಗೋ ಉಳಿದುಕೊಂಡ ನಾಲ್ಕು ಪುಸ್ತಕ, ಎರಡು ಹಳೆಯ ‘ಮಯೂರ’, ಒಂದು ‘ಸುಧಾ’ ಯುಗಾದಿ ವಿಶೇಷಾಂಕ ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಓದಿ ಮುಗಿದಿರುತ್ತವೆ. ಇನ್ನೈದು ತಿಂಗಳು ಬಾಕಿ.

ನಮ್ಮ ಊರು ಕೇಟಿ. ಅದು ಇರುವುದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಐ-10 ಹೆದ್ದಾರಿಯಲ್ಲಿ ಸುಮಾರು 30 ಮೈಲಿ ದೂರದಲ್ಲಿ. ಒಂದು ಕಾಲಕ್ಕೆ ಇದು ರೈಲು ದಾರಿಯ ಪಕ್ಕದ ಬತ್ತದ ಬಯಲು. ಹಳೆಯ ಊರಿನಲ್ಲಿ ಬತ್ತ ಒಣಗಿಸುವ ಎತ್ತರದ ಕಟ್ಟಡಗಳನ್ನು ಈಗಲೂ ನೋಡಬಹುದು. ಈಗ ಬಯಲಿನ ತುಂಬ ಬಡಾವಣೆಗಳು. ಮಗ, ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಟ ಮೇಲೆ ಹಿರಿಯರಿಗೆ ಮನೆಯೇ ಊರು. ಜುಲೈ, ಆಗಸ್ಟ್ ತಿಂಗಳಲ್ಲಿ ಹೊರಗೆ 38 ಡಿಗ್ರಿ ಬಿಸಿಲು. ಕಾರಿಲ್ಲದೆ ಅಂಗಡಿಯೂ ಇಲ್ಲ, ದೇವಸ್ಥಾನವೂ ಇಲ್ಲ. ಹ್ಯೂಸ್ಟನ್ ಕನ್ನಡ ವೃಂದದ ಯುಗಾದಿ, ರಾಜ್ಯೋತ್ಸವಗಳಲ್ಲಿ ನಾಲ್ಕು ಜನ ಸಿಕ್ಕಿ ಮಾತಾಡುತ್ತಾರೆ, ಆದರೆ ಅದು ವರ್ಷಕ್ಕೆ ಕೆಲವೇ ದಿನ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗಿನ ಹೊತ್ತನ್ನು ತುಂಬಿಸುವುದು ಟಿ.ವಿ., ಫೋನು, ಇಲ್ಲವೇ ಓದು. ಓದನ್ನೇ ನೆಚ್ಚಿಕೊಂಡವರ ಬಗ್ಗೆ ಈ ಬರಹ. ಅವರ ಕೈಗೆ ಒಂದು ಇ-ರೀಡರ್ ಕೊಟ್ಟರೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮಕ್ಕಳಾದವರು ಸರಿಯಾಗಿ ತಿಳಿದುಕೊಳ್ಳಬೇಕು ಎಂಬುದು ನನ್ನ ಕಳಕಳಿ.

ಅಮೆಜಾನ್ ಕಂಪನಿ ಕಿಂಡಲ್ ಎಂಬ ತನ್ನ ಮೊದಲ ಇ-ರೀಡರನ್ನು ಮಾರಾಟಕ್ಕಿಟ್ಟದ್ದು 2007ರ ನವೆಂಬರ್‌ನಲ್ಲಿ, 399 ಡಾಲರಿಗೆ. ಐದೂವರೆ ಗಂಟೆಯಲ್ಲಿ ದಾಸ್ತಾನೆಲ್ಲ ಖಾಲಿಯಾಯಿತು. ಆದರೆ ಅದರ ಪರದೆ ಅಮೆಜಾನಿನದಲ್ಲ. 1997ರಲ್ಲಿ ಎಂಐಟಿಯ ಮೀಡಿಯಾ ಲ್ಯಾಬಿನವರು ಕಟ್ಟಿದ ಇ ಇಂಕ್ ಎಂಬ ಕಂಪನಿಯದು. ಸೋನಿ 2004ರಲ್ಲೇ ಅದೇ ಪರದೆ ಹಾಕಿ ಜಪಾನಿನಲ್ಲಿ ಒಂದು ಓದುಯಂತ್ರ ತಂದಿತ್ತು. ಈ ಪರದೆಯೊಳಗೆ ಕೂದಲೆಳೆಯಷ್ಟೇ ದಪ್ಪದ ಲಕ್ಷಾಂತರ ಪುಟ್ಟ ಗುಳಿಗೆಗಳಿರುತ್ತವೆ. ಒಂದೊಂದು ಗುಳಿಗೆಯಲ್ಲೂ ತಿಳಿಯಾದ ದ್ರವ, ದ್ರವದಲ್ಲಿ ಬಿಳಿಯ ಕಣಗಳು, ಕಪ್ಪು ಕಣಗಳು. ಎರಡರ ವಿದ್ಯುದಂಶ ಒಂದಕ್ಕೊಂದು ವಿರುದ್ಧ. ಕೆಳಗಿನಿಂದ ವಿದ್ಯುತ್ತನ್ನು ಒಂದು ರೀತಿ ಹಾಯಿಸಿದರೆ ಕಪ್ಪು ಕಣ ಮೇಲೆ ಬರುತ್ತದೆ, ಇನ್ನೊಂದು ರೀತಿ ಹಾಯಿಸಿದರೆ ಬಿಳಿಯದು. ಒಮ್ಮೆ ಮೇಲೆ ಬಂದ ಕಣ ವಿದ್ಯುತ್ ನಿಂತರೂ ಅಲ್ಲೇ ಕೂತಿರುತ್ತದೆ. ಹಾಗಾಗಿ ಪರದೆಗೆ ಬ್ಯಾಟರಿ ಖರ್ಚಾಗುವುದು ಪುಟ ತಿರುಗುವಾಗ ಮಾತ್ರ. ಒಂದು ಚಾರ್ಜಿಗೆ ವಾರಗಟ್ಟಲೆ ನಡೆಯುತ್ತದೆ.

ಈ ಊರಿನಲ್ಲಿ ಅದಕ್ಕೆ ಬೇರೆಯೇ ಬೆಲೆ ಇದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ವಿದ್ಯುತ್ ಹೋಯಿತು. ಅಂಥ ಹೊತ್ತಿನಲ್ಲಿ ಫೋನಿನ ಚಾರ್ಜನ್ನು ಮಕ್ಕಳೊಂದಿಗೆ ಮಾತಾಡಲು ಉಳಿಸಿಕೊಳ್ಳಬೇಕು. ಓದಲು ಬೇರೊಂದು ಸಾಧನ ಕೈಯಲ್ಲಿರುವುದು ವಯಸ್ಸಾದವರಿಗೆ ದೊಡ್ಡ ಆಸರೆ.

ಇನ್ನು ಕಣ್ಣಿನ ವಿಷಯ. ನಲವತ್ತು ದಾಟಿದ ಮೇಲೆ ಚಾಳೀಸು ಬರುವುದು ಎಲ್ಲರಿಗೂ ಗೊತ್ತು. ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ, ಕನ್ನಡಕ ಬರುತ್ತದೆ. ಆದರೆ ಕನ್ನಡಕದಿಂದ ಸರಿಹೋಗದ ಇನ್ನೊಂದು ಬದಲಾವಣೆ ಇದೆ, ಅದನ್ನು ಮನೆಯವರು ಗಮನಿಸುವುದಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅರುವತ್ತರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದ ಕಣ್ಣಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು. ಹಾಗಾಗಿಯೇ ಅಪ್ಪ ಹಗಲಿನಲ್ಲೂ ಕಿಟಕಿಯ ಪಕ್ಕವೇ ಕುರ್ಚಿ ಎಳೆದುಕೊಳ್ಳುವುದು, ಕಂದುಬಣ್ಣಕ್ಕೆ ತಿರುಗಿದ ಹಳೆಯ ಪುಸ್ತಕವನ್ನು ಅಮ್ಮ ಎರಡು ಪುಟಕ್ಕೇ ಮುಚ್ಚಿಡುವುದು. ಓದುವ ಮನಸ್ಸು ಕಡಿಮೆಯಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಕಡಿಮೆಯಾದದ್ದು ಬೆಳಕು. ಅದರ ಜೊತೆಗೆ ಬೆರಳಿನ ಗಂಟುನೋವು. ‘ಮಲೆಗಳಲ್ಲಿ ಮದುಮಗಳು’ ಏಳುನೂರು ಪುಟ ಮೀರಿದ ಪುಸ್ತಕ, ಅದನ್ನು ಮಲಗಿಕೊಂಡು ಎದೆಯ ಮೇಲೆ ಹಿಡಿದು ಓದುವುದು ಎಪ್ಪತ್ತೈದರ ಕೈಗೆ ಸಾಧ್ಯವಿಲ್ಲ. ಕಾಲು ಕಿಲೋಗಿಂತ ಕಡಿಮೆ ತೂಕದ ಒಂದು ಹಲಗೆಯಲ್ಲಿ ಅಂಥ ನೂರು ಪುಸ್ತಕ ಹಿಡಿಸುತ್ತವೆ ಎಂಬುದು ಅವರಿಗೆ ನಿಜಕ್ಕೂ ಬಿಡುಗಡೆ.

ಇಲ್ಲಿ ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಒಂದು ಅಧ್ಯಯನವನ್ನು ಹೇಳಲೇಬೇಕು. 2013ರಲ್ಲಿ ಪ್ರಕಟವಾದದ್ದು. ಯುವಕರಿಗೂ, 60ರಿಂದ 77 ವರ್ಷದ ಹಿರಿಯರಿಗೂ ಒಂದೇ ರೀತಿಯ ಪಠ್ಯಗಳನ್ನು ಕಾಗದದಲ್ಲಿ, ಇ-ಇಂಕ್ ಓದುಯಂತ್ರದಲ್ಲಿ, ಟ್ಯಾಬ್ಲೆಟ್ಟಿನಲ್ಲಿ ಓದಿಸಿ ಅವರ ಕಣ್ಣಿನ ಚಲನೆಯನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ಅಳೆದರು. ಯಾವುದು ಹಿತ ಎಂದು ಕೇಳಿದರೆ ಹಿರಿಯರೂ ಕಿರಿಯರೂ ಕಾಗದವನ್ನೇ ಮೆಚ್ಚಿದರು. ಆದರೆ ಅಳತೆ ಬೇರೆ ಹೇಳಿತು. ಹಿರಿಯರ ಕಣ್ಣು ಕಡಿಮೆ ಶ್ರಮಪಟ್ಟದ್ದು ಟ್ಯಾಬ್ಲೆಟ್ಟಿನಲ್ಲಿ. ಹಿಂದಿನಿಂದ ಬೆಳಗುವ ಪರದೆಯಲ್ಲಿ ಅಕ್ಷರ ಮತ್ತು ಹಿನ್ನೆಲೆಯ ನಡುವಣ ವ್ಯತ್ಯಾಸ ಎದ್ದು ಕಾಣುವುದೇ ಅದಕ್ಕೆ ಕಾರಣವಿರಬೇಕೆಂದು ಸಂಶೋಧಕರು ಹೇಳಿದರು. ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಮಾತ್ರ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಇ-ಇಂಕೇ ಬೇಕು ಎಂದು ಹಟ ಹಿಡಿಯಬೇಕಾಗಿಲ್ಲ. ಹಗಲಿಗೆ ಟ್ಯಾಬ್ಲೆಟ್ಟೇ ಸಾಕಾಗಬಹುದು. ಮಲಗುವ ಮುಂಚೆ ಮಾತ್ರ ಅದು ಒಳ್ಳೆಯದಲ್ಲ. ಆ ಬೆಳಕು ನೇರ ಕಣ್ಣಿಗೆ ಹೊಡೆದು ನಿದ್ದೆಯನ್ನು ಹಿಂದಕ್ಕೆ ತಳ್ಳುತ್ತದೆ. 2012ರಿಂದ ಈಚೆಗೆ ಬಂದ ಹಲವು ಇ-ಇಂಕ್ ಯಂತ್ರಗಳಲ್ಲಿ ಅಂಚಿನಲ್ಲಿ ದೀಪಗಳಿದ್ದು, ಬೆಳಕು ಪರದೆಯ ಮೇಲೆ ಹರಡುತ್ತದೆಯೇ ಹೊರತು ಪರದೆಯ ಹಿಂದಿನಿಂದ ಕಣ್ಣಿಗೆ ಬರುವುದಿಲ್ಲ. ರಾತ್ರಿ ಹೊತ್ತು ಓದುವ ಅಭ್ಯಾಸ ಇರುವವರಿಗೆ ಅದೇ ಸರಿ.

ಇಷ್ಟೂ ಇಂಗ್ಲಿಷ್ ಓದುವ ಹಿರಿಯರಿಗೆ ನೇರವಾಗಿ ಒದಗುವ ಸುಖ. ಕೇಟಿಯ ಮನೆಗಳು ಹ್ಯಾರಿಸ್, ಫೋರ್ಟ್ ಬೆಂಡ್, ವಾಲರ್ ಎಂಬ ಮೂರು ಕೌಂಟಿಗಳಲ್ಲಿ ಹಂಚಿಹೋಗಿವೆ. ಹ್ಯಾರಿಸ್‌ನಲ್ಲಾಗಲಿ ಫೋರ್ಟ್ ಬೆಂಡ್‌ನಲ್ಲಾಗಲಿ ಮನೆಯವರು ಕೌಂಟಿಯ ಗ್ರಂಥಾಲಯದ ಕಾರ್ಡ್ ಮಾಡಿಸಿಕೊಂಡು ಲಿಬ್ಬಿ ಎಂಬ ಆ್ಯಪಿನಲ್ಲಿ ಇ-ಪುಸ್ತಕಗಳನ್ನು ಪುಕ್ಕಟೆ ಎರವಲು ತರಬಹುದು. ಅಮೆರಿಕದಲ್ಲಿ 2011ರಿಂದ ಗ್ರಂಥಾಲಯದ ಪುಸ್ತಕ ಕಿಂಡಲ್ಲಿಗೂ ಬರುತ್ತದೆ. ಇದೇ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 2013ರಲ್ಲಿ ಕಾಗದದ ಒಂದು ಪುಸ್ತಕವೂ ಇಲ್ಲದ ಸಾರ್ವಜನಿಕ ಗ್ರಂಥಾಲಯವೇ ತೆರೆಯಿತು. ಇಂಗ್ಲಿಷ್ ಓದುಗರ ದಾರಿ ಅಷ್ಟು ಸಲೀಸು. ನಮ್ಮ ಹಿರಿಯರಿಗೆ ಬೇಕಾದದ್ದು ಕನ್ನಡ.

ನಮ್ಮ ಬೀದಿಯಲ್ಲೇ ನಡೆದದ್ದು. ಚಿಕ್ಕಮಗಳೂರು ಕಡೆಯ ನಿವೃತ್ತ ಹೈಸ್ಕೂಲು ಟೀಚರಮ್ಮ ಮಗನ ಮನೆಗೆ ಬಂದಿದ್ದರು. ಸೊಸೆ ಬಹಳ ಪ್ರೀತಿಯಿಂದ ಆರಂಗುಲದ ಇ-ರೀಡರ್ ತರಿಸಿ, ಅಂತರಜಾಲದಲ್ಲಿ ಸಿಕ್ಕ ಹಳೆಯ ಕಾದಂಬರಿಯೊಂದರ ಪಿಡಿಎಫ್ ತುಂಬಿಸಿ ಅತ್ತೆಯ ಕೈಗಿಟ್ಟಳು. ಟೀಚರಮ್ಮ ಅದನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು, “ಅಕ್ಷರ ದೊಡ್ಡದಾಗುತ್ತೆ ಅಂದಿದ್ದೆಯಲ್ಲಮ್ಮಾ?” ಅಂದರು. ಸೊಸೆ ಎರಡು ಬೆರಳಿಟ್ಟು ಹಿಗ್ಗಿಸಿದಳು. ಅಕ್ಷರ ದೊಡ್ಡದಾಯಿತು, ಆದರೆ ಸಾಲಿನ ಬಲಭಾಗ ಪರದೆಯ ಆಚೆ ಹೋಯಿತು. ಓದಬೇಕಾದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ತಳ್ಳಬೇಕು, ಮತ್ತೆ ಬಲಕ್ಕೆ ತಳ್ಳಬೇಕು. “ಇರಲಿ ಬಿಡು, ಕಾಗದದ್ದೇ ಓದ್ತೀನಿ” ಎಂದು ಟೀಚರಮ್ಮ ಅದನ್ನು ಮೇಜಿನ ಮೇಲಿಟ್ಟರು.

ಕನ್ನಡದ ಇ-ಓದಿನ ಮುಖ್ಯ ತೊಡಕು ಇದೇ. ಡಿಜಿಟಲ್ ಪುಸ್ತಕದಲ್ಲಿ ಎರಡು ಜಾತಿ. ಒಂದು, ಪುಟದ ಚಿತ್ರ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳೆಲ್ಲ ಈ ಬಗೆಯವು. ಯಂತ್ರಕ್ಕೆ ಅಲ್ಲಿ ಅಕ್ಷರವೇ ಇಲ್ಲ, ಇರುವುದು ಒಂದು ಫೋಟೋ. ಇನ್ನೊಂದು, ಅಕ್ಷರ ಅಕ್ಷರವಾಗಿಯೇ ಇರುವ ಪುಸ್ತಕ, ಇಪಬ್ ಮಾದರಿಯದು. ಅದರಲ್ಲಿ ಅಕ್ಷರವನ್ನು ಹಿಗ್ಗಿಸಿದರೆ ಸಾಲುಗಳು ತಾವಾಗಿ ಮುರಿದು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಹಿರಿಯರಿಗೆ ಇ-ರೀಡರ್ ಕೊಡುವ ದೊಡ್ಡ ವರವೇ ಇದು. ಆದರೆ ಅಂತರಜಾಲದಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಮೊದಲನೆಯ ಜಾತಿಯವು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಸ್ಕ್ಯಾನ್ ಮಾಡಿದವರ ಶ್ರಮಕ್ಕೆ ಕೈ ಮುಗಿಯಬೇಕು, ಅವರಿಲ್ಲದಿದ್ದರೆ ಎಷ್ಟೋ ಪುಸ್ತಕ ಗೆದ್ದಲಿನ ಪಾಲಾಗುತ್ತಿತ್ತು. ಆದರೂ ಅವು ದೊಡ್ಡ ಪರದೆಯ ಸಂಶೋಧಕರಿಗೆ ಒದಗಿದಷ್ಟು ಮುಪ್ಪಿನ ಕಣ್ಣಿಗೆ ಒದಗುವುದಿಲ್ಲ.

ಹೊಸ ಪುಸ್ತಕಗಳ ಕತೆಯಾದರೂ ಸುಲಭವೇ? ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಕಿಂಡಲ್ಲಿಗೆ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ನಾಲ್ಕು ಕೋಟಿಗೂ ಹೆಚ್ಚು ಜನ ಮಾತಾಡುವ ಭಾಷೆಯನ್ನು ಹೊರಗಿಟ್ಟದ್ದು ಆಗಲೂ ನೋವಿನ ಸಂಗತಿಯಾಗಿತ್ತು, ಈಗ ನೆನೆದರೂ ನೋವೇ. ಆ ಕೊರತೆಯನ್ನು ತುಂಬಲು ಮುಂದಾದವರು ಕನ್ನಡಿಗರೇ. 2020ರಲ್ಲಿ ಶುರುವಾದ ಮೈಲ್ಯಾಂಗ್ ಆ್ಯಪಿನಲ್ಲಿ ಇಂದಿನ ಲೇಖಕರ ಪುಸ್ತಕಗಳು ಇ-ಪುಸ್ತಕವಾಗಿಯೂ ಕೇಳುಪುಸ್ತಕವಾಗಿಯೂ ಸಿಗುತ್ತವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳಿವೆ. ಇವು ಫೋನಿಗೆ, ಟ್ಯಾಬ್ಲೆಟ್ಟಿಗೆ ಬರುತ್ತವೆ. ಕಿಂಡಲ್ಲಿನಲ್ಲಿ ಇಂಥ ಆ್ಯಪ್ ಹಾಕಿಕೊಳ್ಳಲು ಬರುವುದಿಲ್ಲ. ಇ-ಇಂಕ್ ಪರದೆಯೇ ಬೇಕೆನ್ನುವವರು ಆಂಡ್ರಾಯ್ಡ್ ಮೇಲೆ ನಡೆಯುವ ಬೂಕ್ಸ್‌ನಂಥ ಯಂತ್ರ ಕೊಳ್ಳಬೇಕು, ಅದರಲ್ಲಿ ಪ್ಲೇ ಸ್ಟೋರಿನ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದು. ಉಡುಗೊರೆ ಕೊಡುವ ಮುಂಚೆ ಮಕ್ಕಳು ವಿಚಾರಿಸಬೇಕಾದ ಮೊದಲ ಮಾತು ಇದು. ಬಹಳ ಮನೆಗಳಲ್ಲಿ ವಿಚಾರಿಸುವುದು ಯಂತ್ರ ಬಂದಮೇಲೆ.

ಎರಡನೆಯ ಮಾತು ಪರದೆಯ ಅಳತೆ. ಇಂಗ್ಲಿಷಿಗೆ ಆರಂಗುಲ ಸಾಕು. ಕನ್ನಡಕ್ಕೆ ಸಾಲದು. ನಮ್ಮ ಪದಗಳು ಪ್ರತ್ಯಯ ಕೂಡಿಕೊಂಡು ಉದ್ದವಾಗುತ್ತವೆ. ‘ಹೋಗಬೇಕಾಗಿದ್ದರಿಂದ’ ಎಂಬ ಒಂದೇ ಪದ, ಹಿರಿಯರಿಗೆ ಬೇಕಾದಷ್ಟು ದಪ್ಪ ಅಕ್ಷರದಲ್ಲಿ, ಸಣ್ಣ ಪರದೆಯ ಅರ್ಧ ಸಾಲನ್ನೇ ತುಂಬುತ್ತದೆ. ಅದರ ಮೇಲೆ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ದೊಡ್ಡ ಬಯಲು ಬೀಳುತ್ತದೆ. ಒತ್ತಕ್ಷರ ಸಾಲಿನ ಕೆಳಗಿಳಿಯುವ ಲಿಪಿ ನಮ್ಮದು, ಸಾಲಿನ ಅಂತರವನ್ನು ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಹಿರಿಯರಿಗೆ ಬೇಕಾದದ್ದು ಮೂರು: ಎಂಟರಿಂದ ಹತ್ತಂಗುಲದ ಪರದೆ, ಎಡ ಅಂಚಿಗೆ ಮಾತ್ರ ಹೊಂದಿಸಿದ ಸಾಲು, ಅಗಲವಾದ ಸಾಲಂತರ. ಟೀಚರಮ್ಮನ ಮಗ ಮನೆಯಲ್ಲಿ ಬಿದ್ದಿದ್ದ ಹಳೆಯ ಹತ್ತಂಗುಲದ ಟ್ಯಾಬ್ಲೆಟ್ಟಿಗೆ ಮೈಲ್ಯಾಂಗ್ ಹಾಕಿ ಈ ಮೂರನ್ನೂ ಸರಿಮಾಡಿಕೊಟ್ಟ. ಅವರು ತೋರುಬೆರಳನ್ನು ತುಟಿಗೆ ತಾಗಿಸಿಕೊಂಡೇ ಗಾಜಿನ ಮೇಲೆ ಪುಟ ತಿರುಗಿಸುತ್ತಿದ್ದರು. ಆ ವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಓದಿದರೆಂದು ಸೊಸೆ ಹೇಳಿದಳು.

ಪ್ರಕಾಶಕರ ಕಷ್ಟವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ವರ್ಷಗಟ್ಟಲೆ ನಮ್ಮ ಪುಸ್ತಕಗಳ ಪುಟವಿನ್ಯಾಸ ನಡೆದದ್ದು ಪೇಜ್‌ಮೇಕರ್‌ನಲ್ಲಿ, ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ. ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತ. ಆ ಕಡತವನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಜಾರುತ್ತದೆ, ಒತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ಇಡೀ ಪುಸ್ತಕಕ್ಕೆ ಮತ್ತೊಮ್ಮೆ ಕರಡು ತಿದ್ದಬೇಕಾಗುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿ ಮಾರಲು ಹೆಣಗುವ ಪ್ರಕಾಶಕರಿಗೆ ಅದು ಹೊರೆಯೇ. ಆದರೆ ಇಂದು ಅಚ್ಚಾಗುವ ಹೊಸ ಪುಸ್ತಕಕ್ಕೆ ಈ ನೆಪ ಇಲ್ಲ. ಯೂನಿಕೋಡಿನಲ್ಲೇ ಕೂಡಿಸಿದರೆ ಕಾಗದಕ್ಕೂ ಪರದೆಗೂ ಒಂದೇ ಕಡತ ಸಾಕು.

ಇನ್ನು ಹಕ್ಕಿನ ಪ್ರಶ್ನೆ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ತ್ರಿವೇಣಿಯವರು ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಜನವರಿಯಿಂದ ಭಾರತದಲ್ಲಿ ಎಲ್ಲರ ಸ್ವತ್ತು. ಇಲ್ಲಿಗೆ ಬರುವ ತಾಯಂದಿರಲ್ಲಿ ತ್ರಿವೇಣಿಯವರನ್ನು ಓದಿ ಬೆಳೆದವರು ಎಷ್ಟು ಜನ! ‘ಬೆಳ್ಳಿ ಮೋಡ’, ‘ಶರಪಂಜರ’ಗಳನ್ನು ಸಿನಿಮಾ ಆಗಿ ನೋಡುವುದಕ್ಕಿಂತ ಮುಂಚೆ ಬಾಡಿಗೆ ಲೈಬ್ರರಿಯಿಂದ ತಂದು ಓದಿದ ತಲೆಮಾರು ಅದು. ಈಗ ಮೈಸೂರಿನಲ್ಲಿ ಯಾರಾದರೂ ಅವನ್ನು ಚೊಕ್ಕವಾಗಿ ಟೈಪು ಮಾಡಿ ಇಪಬ್ ಆಗಿ ಹಂಚಬಹುದು, ಕಾನೂನಿನ ಅಡ್ಡಿ ಇಲ್ಲ. ಅಮೆರಿಕದ ಲೆಕ್ಕ ಬೇರೆ. ಹೊರದೇಶದ ಹಳೆಯ ಕೃತಿಗಳಿಗೆ 1996ರಿಂದ ಇಲ್ಲಿ ಹಕ್ಕು ಮರಳಿ ಸಿಕ್ಕಿತು, ಅದು ಪ್ರಕಟವಾದ ವರ್ಷದಿಂದ 95 ವರ್ಷ ನಡೆಯುತ್ತದೆ. ಹೀಗಾಗಿ ಮೈಸೂರಿನಲ್ಲಿ ಮುಕ್ತವಾದ ಪುಸ್ತಕ ಕೇಟಿಯಲ್ಲಿ ಇನ್ನೂ ಮುಕ್ತವಲ್ಲ. ಊರಿಂದ ಹೊರಡುವಾಗಲೇ ಸಾಧನಕ್ಕೆ ತುಂಬಿಸಿಕೊಂಡು ಬರುವುದು ನೇರ ದಾರಿ.

ಹಕ್ಕುದಾರರೇ ಬಾಗಿಲು ತೆರೆದ ಉದಾಹರಣೆಯೂ ನಮ್ಮಲ್ಲಿದೆ. ‘ಚಿರಸ್ಮರಣೆ’ಯ ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು 2014ರಲ್ಲಿ ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿದರು. ಆ ಪರವಾನಗಿಗೆ ದೇಶದ ಗಡಿ ಇಲ್ಲ, ಮಂಗಳೂರಿಗೂ ಡಾಲಸ್‌ಗೂ ಒಂದೇ. ಇನ್ನೊಂದು ಕಡೆ, ದುಡ್ಡು ಕೊಟ್ಟು ಕೊಂಡ ಇ-ಪುಸ್ತಕ ಕೂಡ ಪೂರ್ತಿ ನಮ್ಮದಲ್ಲ ಎಂಬುದನ್ನು ಹಿರಿಯರಿಗೆ ಬಿಡಿಸಿ ಹೇಳಬೇಕು. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲ್ ಪುಸ್ತಕಗಳ ಪ್ರತಿಗಳನ್ನು ಹಕ್ಕಿನ ತಕರಾರಿನಿಂದ ಓದುಗರ ಕಿಂಡಲ್ಲುಗಳಿಂದಲೇ ಅಳಿಸಿತು, ಹಣ ಹಿಂತಿರುಗಿಸಿತು, ಆಮೇಲೆ ಕ್ಷಮೆ ಕೇಳಿತು. ಮೊದಲ ಪುಟದಲ್ಲಿ ಹೆಸರು, ತಾರೀಕು ಬರೆದಿಟ್ಟು ಮಕ್ಕಳಿಗೆ ದಾಟಿಸುವ ಪುಸ್ತಕ ಬೇಕಾದರೆ ಕಾಗದದ್ದೇ ಕೊಳ್ಳಬೇಕು. ಇ-ಪುಸ್ತಕ ಓದಲಿಕ್ಕೆ.

ಕಣ್ಣು ಇನ್ನೂ ಸೋತವರಿಗೆ ಫೋನು, ಟ್ಯಾಬ್ಲೆಟ್ಟುಗಳು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ದನಿ ಯಂತ್ರದ್ದಾದರೂ ಅರ್ಥವಾಗುತ್ತದೆ. ಆದರೆ ಅಲ್ಲೂ ಅದೇ ಕಟ್ಟುಪಾಡು: ಪುಟದ ಚಿತ್ರವನ್ನು ಅದು ಓದಲಾರದು, ಅಕ್ಷರವಿದ್ದರೆ ಮಾತ್ರ ಓದೀತು. ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆ. ಹೆಕ್ಕುವಾಗ ಅವು ದ, ಧ, ಥಗಳನ್ನು ಒಂದಕ್ಕೊಂದು ಬದಲಿಸುತ್ತವೆ, ಸೊನ್ನೆಯನ್ನೂ ಅನುಸ್ವಾರವನ್ನೂ ಬೆರೆಸುತ್ತವೆ, ಮಸಿ ಹರಡಿದ ಕಡೆ ಒತ್ತಕ್ಷರವನ್ನೇ ನುಂಗುತ್ತವೆ. ಅದನ್ನು ತಿದ್ದಲು ಕನ್ನಡ ಬಲ್ಲ ಮನುಷ್ಯರೇ ಬೇಕು.

ಈ ಕೆಲಸಕ್ಕೆ ಕೇಟಿಯ ಹಗಲಿನಲ್ಲಿ ಹೊತ್ತು ಹೋಗದೆ ಕೂತಿರುವ ಹಿರಿಯರಿಗಿಂತ ಯೋಗ್ಯರು ಯಾರು? ಮೂವತ್ತು ವರ್ಷ ಮಕ್ಕಳ ಕಾಪಿಪುಸ್ತಕ ತಿದ್ದಿದ ಟೀಚರಮ್ಮನಂಥವರು ಡಾಲಸ್, ಆಸ್ಟಿನ್ ಮನೆಗಳಲ್ಲೂ ಇದ್ದಾರೆ. ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಪುಸ್ತಕತಾಣದಲ್ಲಿ ಒಂದು ಪಕ್ಕ ಹಳೆಯ ಪುಟದ ಚಿತ್ರ, ಇನ್ನೊಂದು ಪಕ್ಕ ಯಂತ್ರ ಹೆಕ್ಕಿದ ಅಕ್ಷರ ಇರುತ್ತದೆ. ಎರಡನ್ನೂ ಹಿಗ್ಗಿಸಿಕೊಳ್ಳಬಹುದು. ನೋಡಿ, ತಪ್ಪು ತಿದ್ದಿ, ಉಳಿಸಿದರೆ ಪುಟದ ಗುರುತು ಕೆಂಪಿನಿಂದ ಹಳದಿಗೆ ಬರುತ್ತದೆ. ಅದು ಹಸಿರಾಗಬೇಕಾದರೆ ಬೇರೊಬ್ಬರು ಇನ್ನೊಮ್ಮೆ ನೋಡಿ ಒಪ್ಪಬೇಕು, ತಿದ್ದಿದವರೇ ಒಪ್ಪುವಂತಿಲ್ಲ. ಟೀಚರಮ್ಮನಿಗೆ ಇದನ್ನು ತೋರಿಸಿದಾಗ ಮೊದಲ ಸಾಲಿನಲ್ಲೇ ಒಂದು ಮಹಾಪ್ರಾಣ ಬಿಟ್ಟುಹೋಗಿರುವುದನ್ನು ಕಂಡುಹಿಡಿದರು. ಅವರು ತಿದ್ದಿದ ಪುಟಗಳನ್ನು ಪರಿಶೀಲಿಸಲು ಚಿಕ್ಕಮಗಳೂರಿನಲ್ಲಿರುವ ಅವರ ಹಳೆಯ ಸಹೋದ್ಯೋಗಿಯೊಬ್ಬರಿಗೆ ಖಾತೆ ತೆರೆದುಕೊಡುವ ಕೆಲಸ ಈಗ ಮಗನ ಪಾಲಿಗೆ ಬಿದ್ದಿದೆ.